ಏಳು ದನಿಯ ಎಂಟು ಹಾಡು

ಆ ಭಾನುವಾರ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದಿತ್ತು. ಪೀಣ್ಯದಲ್ಲಿ ನಾವಿದ್ದ ಬಾಡಿಗೆ ಕೋಣೆಗೆ ವಾರಕ್ಕೆ ಎರಡು ಸಲ ಮಾತ್ರ ನೀರು. ಅದು ರಜೆಯ ದಿನವೇ ಬಂದರೆ ನಮಗೆ ಹಬ್ಬ. ಅಕ್ಕ ಮಹಡಿಯ ಮೇಲಿನ ಕಲ್ಲಿಗೆ ನಮ್ಮಿಬ್ಬರ ಕಾರ್ಖಾನೆಯ ನೀಲಿ ಕೋಟುಗಳನ್ನು ಬಡಿಯುತ್ತಿದ್ದಳು. ನಾನು ಹಿಂಡಿ ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದೆ. ನೀರಿನ ಟ್ಯಾಂಕಿನ ಮೇಲೆ ಇಟ್ಟಿದ್ದ ಫೋನು ಹಾಡುತ್ತಿತ್ತು. ಕೊನೆಯ ಹಾಡು ಮುಗಿದಾಗ ನಾನು ಕೇಳಿದೆ:

“ಅಕ್ಕಾ, ಏಳು ಆದವು. ಎಂಟನೇದು ಯಾರಿಗೆ?”

ಅವಳು ಸೊಂಟಕ್ಕೆ ಕೈ ಕೊಟ್ಟು ನಿಂತಳು. “ಅದಕ್ಕ ಯಾರನ್ನೂ ಹುಡುಕೂದು ಬ್ಯಾಡ. ನಾನ ಹಾಡ್ತೇನಿ.”

“ಯಾರ ದನಿಯಾಗ?”

“ನನ್ನ ದನಿಯಾಗ. ಯಾಕ, ನನಗ ದನಿ ಇಲ್ಲೇನು?”

“ಐತೇನು? ನಾ ಒಂದಿನಾನೂ ಕೇಳಿಲ್ಲ ಬಿಡು.”

ಒದ್ದೆ ಕೋಟನ್ನು ನನ್ನ ಮೇಲೆ ಬೀಸಿದಳು. ಅರ್ಧ ಮೈ ತೋಯಿತು. ನಗುತ್ತ ನಗುತ್ತ ಕೆಮ್ಮಿದಳು. “ಇವತ್ತ ಗಂಟಲ ಯಾಕೋ ಕೆರಿಯಾಕತ್ತೈತಿ. ಬರೂ ಐತವಾರ ಹಾಡ್ತೇನಿ. ಫೋನಿನಾಗ ಜಾಗಾ ಇಟ್ಟಿರು.”

ನಾನು ಜಾಗ ಇಟ್ಟೆ. ಅವತ್ತೇ ಮಧ್ಯಾಹ್ನ ಉಂಡು ಕೂತು, ಮೆಮೊರಿ ಕಾರ್ಡಿನಲ್ಲಿದ್ದ ಬೇರೆ ಎರಡು ಹಾಡುಗಳನ್ನು ಅಳಿಸಿದೆ. ಅದು ನಮ್ಮ ಕೊನೆಯ ಸಾಮಾನ್ಯ ದಿನ. ರೊಟ್ಟಿಗೆ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದೆವು. ಸಂಜೆ ಹೊತ್ತಿಗೆ ಕೋಟು ಒಣಗಿದ್ದವು.

ಆ ಹಾಡುಗಳು ನಮ್ಮ ಕೈಗೆ ಬಂದದ್ದು ಹೀಗೆ. ತುಮಕೂರು ರಸ್ತೆಯಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ ಅದು. ಊರಿಂದ ಬಂದವರೆಲ್ಲರ ಕೈಯಲ್ಲೂ ದೊಡ್ಡ ಸ್ಪೀಕರಿನ ಅಗ್ಗದ ಫೋನುಗಳಿದ್ದವು. ಮೊಬೈಲ್ ಅಂಗಡಿಗೆ ಹೋಗಿ ಕಾರ್ಡು ಕೊಟ್ಟರೆ ಅಂಗಡಿಯವನು ಕಂಪ್ಯೂಟರಿಗೆ ಚುಚ್ಚಿ ಹಾಡು ತುಂಬಿಸಿ ಕೊಡುತ್ತಿದ್ದ. ನಾವು ಕೇಳಿದ್ದು ಭಾವಗೀತೆ, ತತ್ವಪದ. ಅವನು ಅದರ ಜೊತೆಗೆ ಒಂದು ಪಾಪ್ ಆಲ್ಬಮ್ಮನ್ನೂ ಹಾಕಿದ್ದ. ಎಂಟು ಹಾಡು, ಗಿಟಾರು, ಡ್ರಮ್ಮು, ಹಾಡಿದವನು ಬೆಂಗಳೂರಿನ ಒಬ್ಬ ಹುಡುಗ. ಮಳೆಯ ಹಾಡು, ಬೈಕಿನ ಹಾಡು, ಕ್ಷಮೆ ಕೇಳುವ ಹಾಡು, ಕನಸಿನ ಹಾಡು, ಕಾಯುವ ಹಾಡು, ಕುಣಿಯುವ ಹಾಡು, ಮೌನದ ಬಗ್ಗೆ ಒಂದು ಹಾಡು, ಕೊನೆಗೆ ಮನೆಗೆ ಮರಳುವ ಹಾಡು.

ಮೊದಲ ಸಲ ಎಂಟನ್ನೂ ಕೇಳಿ ಮುಗಿಸಿದ ಅಕ್ಕ ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ: “ಹಾಡ ಚಲೋ ಅದಾವ. ಆದ್ರ ಎಂಟೂ ಹಾಡ ಒಂದ ಊಟಾ ಮಾಡಿ ಹಾಡಿದಂಗ ಅದಾವ ನೋಡು.”

ಇದು ಸರಿಯಾದ ಮಾತು. ಮಳೆಯಲ್ಲೂ ಅವನಿಗೆ ಅದೇ ದನಿ, ಬೈಕಿನ ಮೇಲೂ ಅದೇ ದನಿ. ಕ್ಷಮೆ ಕೇಳುವಾಗಲೂ ಹೊಟ್ಟೆ ತುಂಬಿದ ದನಿ. ಕಿವಿಯ ವಿಷಯದಲ್ಲಿ ನಾವಿಬ್ಬರೂ ಸುಲಭಕ್ಕೆ ಮೋಸ ಹೋಗುವವರಲ್ಲ. ನಮ್ಮದು ಕಾಯಿಲ್ ಸುತ್ತುವ ಕೆಲಸ. ಸಣ್ಣ ಮೋಟಾರುಗಳ ಒಳಗೆ ಕೂರುವ ತಾಮ್ರದ ಕಾಯಿಲ್. ತಂತಿ ಬಿಗಿಯಾಗಿ ಬರುತ್ತಿದೆಯೋ ಸಡಿಲವಾಯಿತೋ ಎಂಬುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಬಿಗಿ ತಂತಿ ಒಂದು ಸ್ವರ, ಸಡಿಲ ತಂತಿ ಇನ್ನೊಂದು. ಹತ್ತು ಯಂತ್ರಗಳ ಗದ್ದಲದಲ್ಲಿ ಯಾವುದು ತಪ್ಪು ಹಾಡುತ್ತಿದೆ ಎಂದು ನಾನು ತಲೆ ಎತ್ತದೆ ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ.

ಹಾಗಾಗಿ ಆ ಎಂಟು ಹಾಡುಗಳನ್ನು ಬೇರೆ ಬೇರೆಯವರಿಗೆ ಹಂಚುವ ಆಟ ಶುರುವಾಯಿತು. ಅಕ್ಕನ ನಿಯಮ ಎರಡೇ. ಹಾಡುವವರು ಹಾಡುಗಾರರಾಗಿರಬಾರದು. ಮತ್ತೆ, ಅವರ ಮಾತನ್ನು ನಾವು ದಿನಾ ಕೇಳುತ್ತಿರಬೇಕು. ಯಾರಿಗೆ ಯಾವ ಹಾಡು ಎಂದು ನಿರ್ಧಾರ ಮಾಡಲು ಕೆಲವು ಸಲ ವಾರಗಟ್ಟಲೆ ಜಗಳ ನಡೆಯುತ್ತಿತ್ತು. ನಿರ್ಧಾರವಾದ ಮೇಲೆ ಅಕ್ಕ ಆ ಹಾಡನ್ನು ಅವರ ದನಿಯಲ್ಲೇ ಹಾಡುತ್ತಿದ್ದಳು. ನಾನು ಫೋನಿನಲ್ಲಿ ಹಿಡಿಯುತ್ತಿದ್ದೆ.

ಮಳೆಯ ಹಾಡು ನಮ್ಮ ಕ್ಯಾಂಟೀನಮ್ಮನಿಗೆ ಹೋಯಿತು. ಮಾಗಡಿ ಕಡೆಯವರು, ಅನ್ನ ಬಡಿಸುವಾಗಲೂ ಬೈಯುವವರು. ಆ ಹುಡುಗ “ಬಾ ಮಳೆಯೇ” ಎಂದು ಕರೆಯುತ್ತಿದ್ದ ಕಡೆ, ಅಕ್ಕನ ಕ್ಯಾಂಟೀನಮ್ಮ ತಡವಾಗಿ ಊಟಕ್ಕೆ ಬಂದವರನ್ನು ಕರೆದಂತೆ ಮಳೆಯನ್ನು ಕರೆಯುತ್ತಿದ್ದಳು. ಬೈಕಿನ ಹಾಡು ಸೂಪರ್‌ವೈಸರ್ ಸಾರ್‌ಗೆ. ಅವರು ಏನು ಹೇಳಿದರೂ ಗೋಡೆಯ ಮೇಲಿನ ಸುರಕ್ಷತೆಯ ಬೋರ್ಡು ಓದಿದಂತೆ ಇರುತ್ತಿತ್ತು. ಗಾಳಿಯಲ್ಲಿ ತೇಲುವ ಬೈಕು ಅವರ ದನಿಯಲ್ಲಿ ಹೆಲ್ಮೆಟ್ ಹಾಕಿಕೊಂಡು ಎಡಗಡೆಯಲ್ಲೇ ಹೋಗುತ್ತಿತ್ತು. ಕ್ಷಮೆಯ ಹಾಡನ್ನು ಮನೆ ಮಾಲೀಕರ ತಾಯಿಗೆ ಕೊಟ್ಟೆವು. ಆ ಅಜ್ಜಿ ಜನ್ಮದಲ್ಲಿ ಯಾರ ಕ್ಷಮೆಯನ್ನೂ ಕೇಳಿದವರಲ್ಲ. ಅವರ ಬಾಯಲ್ಲಿ ಆ ಹಾಡು, ತಪ್ಪು ಮಾಡಿದ್ದು ನೀನೇ ಎನ್ನುವಂತೆ ಕೇಳಿಸಿತು. ಕನಸಿನ ಹಾಡು ಗೇಟಿನ ವಾಚ್‌ಮನ್‌ಗೆ, ಕಾಯುವ ಹಾಡು ಬೆಳಗಿನ ಬಸ್ಸಿನ ಕಂಡಕ್ಟರಿಗೆ. ಪ್ರತಿ ಸಾಲಿನ ಕೊನೆಗೆ “ಮುಂದೆ ಹೋಗಿ, ಮುಂದೆ ಹೋಗಿ” ಎಂದು ಸೇರಿಸಿದಳು ಅಕ್ಕ. ಅದು ಮೂಲ ಹಾಡಿಗಿಂತ ಚೆನ್ನಾಗಿತ್ತು ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಕುಣಿಯುವ ಹಾಡನ್ನು, ಊರಿಂದ ದಿನಾ ಫೋನಿನಲ್ಲಿ ಮಾತಾಡುತ್ತಿದ್ದ ಅವ್ವನಿಗೆ ಕೊಟ್ಟಾಗ ನಾನು ಒಪ್ಪಲಿಲ್ಲ.

“ಅವ್ವ ಎಲ್ಲಿ, ಈ ಹಾಡ ಎಲ್ಲಿ? ಇದು ಡ್ಯಾನ್ಸ್ ಹಾಡು.”

“ಬೀಸೂ ಕಲ್ಲಿನ ಮುಂದ ಕುಂದರಸಿ ಹಾಡಸಿದ್ರ ನೋಡು ಹೆಂಗ ಬರ್ತದ,” ಎಂದಳು. ಕಣ್ಣು ಮುಚ್ಚಿ, ಒಂದು ಕೈಯನ್ನು ಗಾಳಿಯಲ್ಲಿ ತಿರುಗಿಸುತ್ತ ಹಾಡಿದಳು. ಡ್ರಮ್ಮಿನ ಜಾಗಕ್ಕೆ ಕಲ್ಲಿನ ತಿರುಗು ಬಂತು. ನನಗೆ ಜೋಳದ ಹಿಟ್ಟಿನ ವಾಸನೆ ಬಂದಂತಾಯಿತು. ಸೋತೆ.

ಏಳನೆಯದು, ಮೌನದ ಹಾಡು, ನನಗೆ. ಅದನ್ನು ಅವಳು ತುಟಿ ಸರಿಯಾಗಿ ತೆರೆಯದೆ ಹಾಡಿದಳು. ಸಾಲಿಗೂ ಸಾಲಿಗೂ ನಡುವೆ ಸಣ್ಣಗೆ “ನಲವತ್ತೊಂದು, ನಲವತ್ತೆರಡು” ಎಂದು ಎಣಿಸಿದಳು. ಸುತ್ತು ಎಣಿಸುವಾಗ ನಾನು ಹಾಗೆ ಗೊಣಗುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ.

“ಮಾತ ಬಿಟ್ಟ್ರ ಹಾಡ ಇನ್ನೂ ಚಂದ ಹೊಂದತೈತಿ,” ಎಂದಳು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಕಾಯಿಲ್ ಸುತ್ತುವವರಿಗೆ ಮೊದಲ ದಿನ ಕಲಿಸುವುದು ಸುತ್ತುವುದನ್ನಲ್ಲ, ಕತ್ತರಿಸುವುದನ್ನು. ಕೊನೆಯ ಸುತ್ತು ಮುಗಿದ ಮೇಲೆ ನಾಲ್ಕು ಬೆರಳು ತಂತಿ ಬಿಡಬೇಕು, ಜೋಡಣೆಗೆ. ಅದಕ್ಕಿಂತ ಹೆಚ್ಚು ಬಿಟ್ಟರೆ ಮತ್ತೆ ಕತ್ತರಿಸಿ ಎಸೆಯಬೇಕು, ತಾಮ್ರ ದಂಡ. ಸಂಜೆ ಪ್ರತಿಯೊಬ್ಬರ ಚೂರುಗಳ ಡಬ್ಬವನ್ನೂ ತೂಗುತ್ತಿದ್ದರು. ನನ್ನ ಡಬ್ಬ ಯಾವಾಗಲೂ ಎಲ್ಲರಿಗಿಂತ ಹಗುರ. ಹೊಸಬರಿಗೆ ನನ್ನ ಡಬ್ಬ ತೋರಿಸಿ ಪಾಠ ಹೇಳುತ್ತಿದ್ದರು. ಅಕ್ಕನ ಡಬ್ಬ ಅಷ್ಟೇನೂ ಹಗುರವಿರುತ್ತಿರಲಿಲ್ಲ.

ಫೋನಿನಲ್ಲೂ ನಾನು ಅದನ್ನೇ ಮಾಡಿದೆ. ಕಾರ್ಡಿನಲ್ಲಿ ಜಾಗ ಕಡಿಮೆ. ಹಾಡಿನ ಕೊನೆಯ ಅಕ್ಷರ ಅವಳ ಬಾಯಿಂದ ಹೊರಬಿದ್ದ ಕ್ಷಣಕ್ಕೆ ನಾನು ಗುಂಡಿ ಒತ್ತುತ್ತಿದ್ದೆ. ಆಮೇಲೆ ಅವಳು ನಗುತ್ತಿದ್ದಳು, “ಹೆಂಗಿತ್ತು?” ಎಂದು ಕೇಳುತ್ತಿದ್ದಳು, ಕ್ಯಾಂಟೀನಮ್ಮನ ಮೇಲೆ ಇನ್ನೊಂದು ಜೋಕು ಹೇಳುತ್ತಿದ್ದಳು. ಅದೆಲ್ಲ ಚೂರು ಎಂದುಕೊಂಡಿದ್ದೆ. ಕಾಯಿಲ್‌ಗೆ ಬಿಡುತ್ತಿದ್ದ ನಾಲ್ಕು ಬೆರಳನ್ನೂ ನಾನು ಅಕ್ಕನ ಹಾಡಿಗೆ ಬಿಡಲಿಲ್ಲ.

ಭಾನುವಾರ ಕೆರೆದ ಗಂಟಲು ಮಂಗಳವಾರ ಜ್ವರವಾಯಿತು. ಗುರುವಾರ ಆಸ್ಪತ್ರೆಗೆ ಸೇರಿಸಿದೆವು. ಆಮ್ಲಜನಕದ ಮುಖವಾಡ ಹಾಕಿದ್ದರಿಂದ ಅವಳು ಏನು ಹೇಳಿದರೂ ಕೇಳಿಸುತ್ತಿರಲಿಲ್ಲ. ಒಮ್ಮೆ ನನ್ನ ಕೋಟಿನ ಗುಂಡಿ ತಪ್ಪಾಗಿ ಹಾಕಿದ್ದನ್ನು ಬೆರಳಿನಿಂದ ತೋರಿಸಿದಳು. ಭಾನುವಾರ ಬೆಳಿಗ್ಗೆ ಹೋದಳು. ಆಗ ಅವಳಿಗೆ ಇಪ್ಪತ್ತೆಂಟು. ಆ ದಿನಗಳ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಊರಿಗೆ ಒಯ್ದು ಹೊಲದಲ್ಲಿ ಮಣ್ಣು ಮಾಡಿದೆವು. ಶಿವಗಣಾರಾಧನೆ ಮುಗಿದ ಮರುದಿನ ಬಂದವರೆಲ್ಲ ಹೋಗಿದ್ದರು. ಅವ್ವ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು.

“ನಿನ್ನ ಫೋನಿನಾಗ ಆಕಿ ದನಿ ಐತೇನವಾ?” ಎಂದಳು.

“ಐತಿ.”

“ಹಚ್ಚು. ಒಂದಿಷ್ಟ ಕೇಳ್ತೇನಿ.”

ನಾನು ಬಹಳ ಧೈರ್ಯದಿಂದಲೇ ಹಚ್ಚಿದೆ. ಏಳು ಹಾಡು ಹಿಡಿದಿಟ್ಟವಳು ನಾನಲ್ಲವೇ! ಮೊದಲನೆಯದು ಬಂತು. ಅವ್ವ ಸುಲಿಯುವುದನ್ನು ನಿಲ್ಲಿಸಿದಳು.

“ಇದ್ಯಾರ ಈ ಬಾಯಿ ಜೋರಿನ ಹೆಂಗಸು?”

“ನಮ್ಮ ಕ್ಯಾಂಟೀನಮ್ಮ. ಅಂದ್ರ ಅಕ್ಕನ, ಆಕಿ ಹಂಗ ಹಾಡ್ಯಾಳ.”

“ಮುಂದಿಂದ ಹಚ್ಚು.”

ಬೈಕಿನ ಹಾಡು. “ಇಂವಾ ಯಾರು ಗಂಡಸು?” ಅಜ್ಜಿಯ ಹಾಡು. “ಈ ಮುದುಕಿ ಯಾರು?” ಅವ್ವ ಸಿಟ್ಟಾಗಿರಲಿಲ್ಲ. ತನ್ನ ಮನೆಗೆ ಬಂದ ಅಪರಿಚಿತರನ್ನು ಕೇಳಿದಂತೆ ಒಬ್ಬೊಬ್ಬರನ್ನೇ ಕೇಳುತ್ತಿದ್ದಳು. ಆರನೆಯದು ಶುರುವಾಯಿತು. ಬೀಸುವ ಕಲ್ಲಿನ ಲಯ ಅವಳ ಮೊಣಕಾಲಿಗೆ ತಿಳಿಯಿತು, ಅದು ತಾನಾಗಿ ಅಲುಗಿತು.

“ಇದು ನಾನಲ್ಲೇನ?”

“ಹೂಂ ಅವ್ವಾ. ನೀನ.”

“ಹುಚ್ಚ ಹುಡುಗಿ,” ಎಂದಳು. ಆಮೇಲೆ ನನ್ನ ಮುಖ ನೋಡಿದಳು. “ನನ್ನ ದನಿ ತಗೊಂಡು ನಾ ಏನ ಮಾಡ್ಲೆವಾ? ಆಕಿದು ಹಚ್ಚು.”

ನಾನು ಏಳನೆಯದನ್ನು ಹಚ್ಚಿದೆ. ಅದು ನನ್ನ ದನಿ. ನಲವತ್ತೊಂದು, ನಲವತ್ತೆರಡು. ಹಾಡು ಮುಗಿಯಿತು, ಕತ್ತರಿಸಿದಂತೆ. ಅದರ ಆಚೆ ಏನೂ ಇರಲಿಲ್ಲ.

“ಆಕಿದು?” ಎಂದಳು ಅವ್ವ.

ನಾನು ಫೋನು ತಿರುಗಿಸಿ ಮುರುಗಿಸಿ ನೋಡಿದೆ. “ಇಲ್ಲ ಅವ್ವಾ,” ಎಂದೆ. ಅವ್ವ ಮತ್ತೆ ಶೇಂಗಾ ಸುಲಿಯತೊಡಗಿದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಕೆಲಸಕ್ಕೆ ಮರಳಿದೆ. ಅಕ್ಕನ ಯಂತ್ರಕ್ಕೆ ಹೊಸ ಹುಡುಗಿಯನ್ನು ಕೂರಿಸಿದ್ದರು. ಅವಳ ತಂತಿ ಸಡಿಲ ಬರುತ್ತಿತ್ತು, ದಿನವಿಡೀ ಅದೇ ಸ್ವರ ನನ್ನ ಕಿವಿಗೆ. ಮೂರನೆಯ ದಿನ ಎದ್ದು ಹೋಗಿ ಬಿಗಿ ಮಾಡಿ ಬಂದೆ. ಅವತ್ತು ಊಟದ ಹೊತ್ತಿನಲ್ಲಿ ಕ್ಯಾಂಟೀನಮ್ಮ ನನ್ನ ತಟ್ಟೆಗೆ ಎರಡು ಸಲ ಸಾರು ಹಾಕಿ ಎದುರಿಗೇ ಕೂತರು.

“ನಿಮ್ಮಕ್ಕ ನನ್ ಥರ ಆಡವ್ಳಂತೆ? ಫೋನಲ್ಲಿ ಮಡಗಿದೀಯಂತೆ? ಆಕು, ಕೇಳಾನ.”

“ಬೇಡಮ್ಮ. ನಿಮಗೆ ಬೇಜಾರಾಗುತ್ತೆ.”

“ನಂಗ್ಯಾತರ ಬೇಜಾರು? ಆಕಮ್ಮಿ.”

ಹಾಕಿದೆ. ಕ್ಯಾಂಟೀನಿನಲ್ಲಿ ತಟ್ಟೆಗಳ ಸದ್ದು ನಿಂತಿತು. ತಮ್ಮ ದನಿಯನ್ನು ತಾವೇ ಕೇಳಿದ ಕ್ಯಾಂಟೀನಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಅಳುತ್ತಾರೆ ಎಂದುಕೊಂಡೆ. ಅವರು ನಗುತ್ತಿದ್ದರು. “ಅಯ್ ನಿನ್ನ! ಮಳೆಗೇ ಬೈತಾವ್ಳಲ್ಲ!”

ಅಷ್ಟರಲ್ಲಿ ಸೂಪರ್‌ವೈಸರ್ ಸಾರ್ ಬಾಗಿಲಲ್ಲಿ ನಿಂತಿದ್ದರು. “ನಂದೂ ಇದೆ ಅಂತ ಕೇಳ್ಪಟ್ಟೆ,” ಎಂದರು. ನಾನು ತಲೆ ತಗ್ಗಿಸಿ ಎರಡನೆಯದನ್ನು ಹಾಕಿದೆ. ಅವರು ಕೊನೆಯವರೆಗೂ ಕೈಕಟ್ಟಿ ಕೇಳಿದರು.

“ನಾನು ಇಷ್ಟು ಬೋರಾಗಿ ಮಾತಾಡ್ತೀನಾ?”

ಕ್ಯಾಂಟೀನಮ್ಮನೇ ಹೇಳಿದರು: “ಇಲ್ಲ ಸಾ, ಆ ಮಗ ಒಸಿ ಸುಧಾರ್ಸವ್ಳೆ.”

ಇಡೀ ಕ್ಯಾಂಟೀನು ನಕ್ಕಿತು. ಅಕ್ಕ ಹೋದ ಮೇಲೆ ನಾನು ಕೇಳಿದ ಮೊದಲ ದೊಡ್ಡ ನಗು ಅದು. ಸಾರ್ ಕೂಡ ನಕ್ಕರು. ಆಮೇಲೆ ಗಂಟಲು ಸರಿಮಾಡಿಕೊಂಡು, “ಆ ಬೈಕಿನ ಹಾಡು ಹಾಗಲ್ಲಮ್ಮ ಹಾಡೋದು,” ಎಂದು ತಾವೇ ಶುರುಮಾಡಿಬಿಟ್ಟರು. ನಾವು ಬಾಯಿ ತೆರೆದು ನೋಡಿದೆವು. ಬೋರ್ಡು ಓದುವ ಮನುಷ್ಯನ ಒಳಗೆ ಎಷ್ಟು ಒಳ್ಳೆಯ ದನಿ ಇತ್ತೆಂದರೆ, ಬೈಕು ನಿಜವಾಗಿಯೂ ಹೊರಟಿತು. ಭಜನೆ ಮಂಡಳಿಯಲ್ಲಿ ಹಾಡುತ್ತಾರಂತೆ. ಇಷ್ಟು ವರ್ಷ ನಮಗೆ ಗೊತ್ತೇ ಇರಲಿಲ್ಲ. ಅಕ್ಕನ ಲೆಕ್ಕಾಚಾರ ತಪ್ಪಿದ್ದು ಇದೊಂದೇ ಕಡೆ. ಇದನ್ನು ಕೇಳಿದ್ದರೆ ಅವಳು ಒಪ್ಪಿಕೊಳ್ಳುತ್ತಿರಲಿಲ್ಲ, ಜಗಳ ಆಡುತ್ತಿದ್ದಳು.

ನಾನು ಫೋನು ತೆಗೆದು ಹಿಡಿದೆ. ಹಾಡು ಮುಗಿಯಿತು. ಹೆಬ್ಬೆರಳು ಗುಂಡಿಯ ಮೇಲೆ ಬಂತು. ಒತ್ತಲಿಲ್ಲ. ಚಪ್ಪಾಳೆ, “ಸಕ್ಕತ್ ಸಾರ್”, ಲೋಟ ಬಿದ್ದ ಸದ್ದು, ಸಾರ್ “ಆಯ್ತು, ಟೈಮಾಯ್ತು, ಎಲ್ರೂ ಎದ್ದೇಳಿ” ಎಂದದ್ದು, ಬೆಲ್ಲು, ಎಲ್ಲವೂ ಒಳಗೆ ಹೋಯಿತು. ಆ ಸಂಜೆ ನನ್ನ ತಾಮ್ರದ ಡಬ್ಬವೂ ಮಾಮೂಲಿಗಿಂತ ಭಾರವಾಗಿತ್ತು. ತೂಗುವವನು ಎರಡು ಸಲ ತೂಗಿದ.

ಅಲ್ಲಿಂದ ಮುಂದೆ ಉಳಿದವರನ್ನೂ ಬಿಡಲಿಲ್ಲ. ಕ್ಯಾಂಟೀನಮ್ಮ ಹಾಡಿದಾಗ ಬೈಗುಳವೇ ಬರಲಿಲ್ಲ, ನಾಚಿಕೊಂಡರು. ಕೊನೆಗೆ, “ನನ್ ದನಿಗಿಂತ ಅವ್ಳು ಮಾಡಿದ್ ನನ್ ದನಿನೇ ಚೆನ್ನಾಗೈತೆ,” ಎಂದು ಅಕ್ಕನಂತೆ ತಮ್ಮನ್ನೇ ನಟಿಸಿ ಹಾಡಿದರು. ಮನೆ ಮಾಲೀಕರ ಅಜ್ಜಿ ಕ್ಷಮೆಯ ಹಾಡನ್ನು ಎರಡು ಸಾಲು ಹಾಡಿ, “ಇದೇನ್ರೀ ಇಷ್ಟು ಬೇಡ್ಕೋತಾನೆ, ಇವ್ನೇನು ಕೊಲೆ ಮಾಡಿದ್ನಾ?” ಎಂದು ನಿಲ್ಲಿಸಿದರು. ಅಲ್ಲಿಗೆ ಆ ಹಾಡು ಸರಿಯಾಯಿತು. ಕಂಡಕ್ಟರನ್ನು ಬೆಳಗಿನ ಬಸ್ಸಿನಲ್ಲೇ ಹಿಡಿದೆ. ಜಾಲಹಳ್ಳಿ ಕ್ರಾಸಿನಿಂದ ಮುಂದಿನ ನಿಲ್ದಾಣದವರೆಗೆ ಹಾಡಿದರು. “ಮುಂದೆ ಹೋಗಿ” ಎಂದು ನಾನು ಹೇಳಿಕೊಟ್ಟಿರಲಿಲ್ಲ. ಅದು ತಾನಾಗಿಯೇ ಬಂತು. ವಾಚ್‌ಮನ್ ಕೆಲಸ ಬಿಟ್ಟು ತಮ್ಮೂರಿಗೆ ಹೋಗಿದ್ದರು, ಅಲ್ಲಿಂದಲೇ ಫೋನಿನಲ್ಲಿ ಹಾಡಿದರು. ಹಿಂದೆ ಎಮ್ಮೆ ಕೂಗಿದ್ದು ಸೇರಿದೆ. ದೀಪಾವಳಿಗೆ ಊರಿಗೆ ಹೋದಾಗ ಅವ್ವ ಬೀಸುವ ಕಲ್ಲನ್ನು ತೊಳೆಸಿ, ಮುಷ್ಟಿ ಜೋಳ ಹಾಕಿ, ಕುಣಿಯುವ ಹಾಡನ್ನು ಮೊದಲಿಂದ ಕೊನೆಯವರೆಗೆ ಹಾಡಿದಳು. “ಆಕಿ ಇಲ್ಲೆ ಸ್ವಲ್ಪ ತಪ್ಪಿದ್ಲು,” ಎಂದು ಒಂದು ಸಾಲನ್ನು ತಿದ್ದಿದಳು ಕೂಡ.

ಮೌನದ ಹಾಡನ್ನು ನಾನು ಹಾಡಿದೆ. ಒಬ್ಬಳೇ, ಮಹಡಿಯ ಮೇಲೆ, ಬಟ್ಟೆ ಒಗೆದ ಮೇಲೆ. ಎಣಿಸಲಿಲ್ಲ.

ಅಕ್ಕನ ಏಳು ಹಾಡುಗಳನ್ನೂ ಇವರ ಏಳು ಹಾಡುಗಳನ್ನೂ ನಾನು ಎಷ್ಟೋ ಸಲ ಪಕ್ಕಪಕ್ಕಕ್ಕೆ ಇಟ್ಟು ಕೇಳಿದ್ದೇನೆ. ಒಂದು ವಿಷಯ ಖಚಿತವಾಗಿ ಹೇಳಬಲ್ಲೆ. ಅಕ್ಕನ ಏಳೂ ಹಾಡುಗಳಲ್ಲಿ ಶುರುವಿಗೆ ಮೊದಲು ಒಂದು ಉಸಿರು ಇದೆ. ಕೊನೆಯನ್ನು ಕತ್ತರಿಸಿದ ನಾನು ಮೊದಲನ್ನು ಕತ್ತರಿಸಿರಲಿಲ್ಲ. ಕ್ಯಾಂಟೀನಮ್ಮನ ಹಾಡಿನ ಮೊದಲು, ಸಾರ್ ಹಾಡಿನ ಮೊದಲು, ಅವ್ವನ ಮೊದಲು, ನನ್ನ ಮೊದಲು, ಎಲ್ಲ ಕಡೆ ಅದೇ ಉಸಿರು. ಯಾರದೂ ಅಲ್ಲ, ಅವಳದು. ಅವ್ವನಿಗೆ ಅದನ್ನು ಕೇಳಿಸಿದೆ. ಅವಳು ಫೋನನ್ನು ಕಿವಿಗೆ ಒತ್ತಿಕೊಂಡು, “ಹೌದು, ಸಣ್ಣಾಕಿದ್ದಾಗಿಂದ ಹಿಂಗ,” ಎಂದಳು. “ಆದ್ರ ಉಸಿರಿಗೆ ಮಾತಾಡ್ಸಾಕ ಬರೂದಿಲ್ಲವಾ.”

ವರ್ಷ ತುಂಬಿದ ದಿನ ಕ್ಯಾಂಟೀನಿನಲ್ಲಿ ಎಲ್ಲರಿಗೂ ಹೋಳಿಗೆ ಹಂಚಿದೆ. ಕ್ಯಾಂಟೀನಮ್ಮ ಹೇಳಿದರು: “ಏಳಾಯ್ತು. ಎಂಟ್ನೇದ ನೀನೇ ಆಡ್ಬುಡವ್ವ, ಮುಗಿದೋಯ್ತದೆ.” ಸಾರ್ ಕೂಡ, ಬೇಕಾದರೆ ತಾವು ಹಾಡುವುದಾಗಿ ಹೇಳಿದರು. ಅವರು ಹಾಡಿದ್ದರೆ ಬಹಳ ಚೆನ್ನಾಗಿರುತ್ತಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ.

“ಇಲ್ಲ ಸಾರ್,” ಎಂದೆ. “ಅದನ್ನ ಕೊಟ್ಟಾಗಿದೆ.”

ಆ ಫೋನು ಕೆಟ್ಟು ಎಷ್ಟೋ ಕಾಲವಾಯಿತು. ಕಾರ್ಡು ಮಾತ್ರ ಮೂರು ಫೋನು ದಾಟಿ ಬಂದಿದೆ. ಹೊಸ ಫೋನಿನಲ್ಲಿ ಜಾಗಕ್ಕೆ ಕೊರತೆಯೇ ಇಲ್ಲ, ಆದರೂ ಆ ಹಳೆಯ ಕಾರ್ಡಿನಲ್ಲಿ ಎರಡು ಹಾಡು ಅಳಿಸಿ ಇಟ್ಟ ಜಾಗಕ್ಕೆ ನಾನು ಬೇರೇನೂ ಹಾಕಿಲ್ಲ. ಅಕ್ಕ ಮಾಡಿದ ಏಳು ದನಿಗಳು ಅದರಲ್ಲಿವೆ. ಆ ಏಳು ಜನರೇ ಹಾಡಿದ ಏಳು ಹಾಡುಗಳೂ ಇವೆ. ಮನೆಗೆ ಮರಳುವ ಹಾಡು ಇಲ್ಲ. ಅಕ್ಕನ ಸ್ವಂತ ದನಿಯಲ್ಲಿ ಒಂದು ಮಾತೂ ನನ್ನ ಬಳಿ ಇಲ್ಲ.